ಮೂರನೆಯ ಸಿಲಿಂಡರಿನ ಮೇಲೆ ಅನುಮಾನ

ಟಕ್ ಟಕ್ ಟಕ್, ಆಮೇಲೆ ಬರಬೇಕಾದ ಒಂದು ಟಕ್ ಇಲ್ಲ — ಉದ್ದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿನ ಮೇಲೆ, ಹಿಡಿ ಕಿವಿಯ ಹಿಂದಿನ ಮೂಳೆಗೆ, ಕಣ್ಣು ಮುಚ್ಚಿದರೆ ಎಡವುತ್ತಿರುವುದು ಮೂರನೆಯ ಸಿಲಿಂಡರು, ಮೂರನೆಯದೇ, ಅಲ್ಲ, ಎರಡನೆಯದೋ, ಅಲ್ಲಲ್ಲ — ಕಣ್ಣು ಬಿಟ್ಟ ಮೇಸ್ತ್ರಿಗೆ ಕಂಡದ್ದು ಬಾನೆಟ್ಟಿನಡಿಯಿಂದ ಏಳುವ ಬಿಸಿಗಾಳಿ, ಅದರಾಚೆ ನಡುಗುವ ಗೋಡೆ, ಗೋಡೆಯ ಮೇಲೆ ಸಾಲಾಗಿ ತೂಗುವ ಸ್ಪ್ಯಾನರುಗಳು, ಆಮೇಲೆ ಯಾಕೋ ಬೆಳಗಿನ ಕೆಟಲ್ಲು, ಅದರ ಮೂತಿಯಿಂದ ಬಿಳಿ ಹಬೆ ನೆಟ್ಟಗೆ, ಒಂದಿಷ್ಟೂ ಸದ್ದಿಲ್ಲದೆ. ಈಗ ಕೆಟಲ್ಲು ಯಾಕೆ ಬಂತು. ಕೆಲಸ ನೋಡು ಮೇಸ್ತ್ರಿ, ಕೆಲಸ. ಈ ಕಾರು ಬಂದಿರುವುದು ಇದು ಮೂರನೆಯ ಸಲ, ಹಲ್ಲಿನ ಡಾಕ್ಟರಮ್ಮನ ಕಾರು, ವಾರವಿಡೀ ಜನರ ಬಾಯಿ ತೆರೆಸಿ ನೋಡುವ ಆಕೆಗೆ ಭಾನುವಾರವಾದರೆ ಗುಡ್ಡದ ರಸ್ತೆಯಲ್ಲಿ ಹಾರಿಸಿಕೊಂಡು ಹೋಗುವ ಹುಚ್ಚು, ಮೇಸ್ತ್ರೀ, ಇದಕ್ಕೆ ಸ್ವಲ್ಪ ಜೀವ ತುಂಬಿಕೊಡಿ ಅಂದಿದ್ದಳು, ತುಂಬಿದವನು ಯಾರು, ಇವನೇ, ತನ್ನ ಕೈಯಾರೆ, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ದೊಡ್ಡದು ಕೂರಿಸಿ, ಹಳೆಯ ಫಿಲ್ಟರ್ ಡಬ್ಬ ಕಿತ್ತುಹಾಕಿ, ವಾಲ್ವುಗಳನ್ನು ಇನ್ನಷ್ಟು ತೆರೆಸುವ ಕ್ಯಾಮ್ ಹಾಕಿ — ಈಗ ನೋಡಿದರೆ ತಣ್ಣಗಿರುವಾಗ ಪರಮ ಸಾಧು, ಹತ್ತು ನಿಮಿಷ ಕಾಯಿತೋ ಇಲ್ಲವೋ ನಿಂತಲ್ಲೇ ಮಿಸ್ಸಿಂಗು, ಕೆಮ್ಮು, ನಡುಕ, ಆರ್‌ಪಿಎಂ ಮುಳ್ಳು ಆರುನೂರಕ್ಕೂ ಸಾವಿರಕ್ಕೂ ಉಯ್ಯಾಲೆಯಾಡುತ್ತದೆ, ಆಕ್ಸಿಲರೇಟರ್ ತುಳಿದರೆ ಮತ್ತೆ ಏನೂ ಆಗಿಲ್ಲವೆಂಬಂತೆ ನಟನೆ. ಇಂಥ ಕ್ಯಾಮ್ ಹಾಕಿದ ಎಂಜಿನ್ನು ನಿಂತಲ್ಲಿ ತುಸು ಕುಣಿಯುವುದು ಸಹಜವೇ, ಆದರೆ ಇದರಲ್ಲಿ ಕುಣಿತ ಎಷ್ಟು ಜ್ವರ ಎಷ್ಟು ಎಂದು ಬಿಡಿಸಿ ಹೇಳಬೇಕಾದದ್ದು ಕಿವಿ, ಮತ್ತು ಕಿವಿ ಎಂದರೆ ಈ ಊರಿನಲ್ಲಿ ಇವನೇ, ಮೂವತ್ತೈದು ವರ್ಷದಿಂದ ಇವನ ಸ್ವಂತ ಹೆಸರು ಯಾರಿಗೂ ಬೇಕಾಗಿಲ್ಲ, ಕಿವಿ ಮೇಸ್ತ್ರಿ ಎಂದರೆ ಸಾಕು.

ಹೋದ ವಾರ ಮಗಳ ಎದುರು, ಡಾಕ್ಟರಮ್ಮನ ಎದುರು, ನಾಲಿಗೆ ಸುಮ್ಮನಿರಲಿಲ್ಲ. ಅಪ್ಪ, ಸ್ಕ್ಯಾನರ್ ಹಾಕಿ ನೋಡೋಣ, ಎರಡೇ ನಿಮಿಷ, ಅಂದಳು ಮಗಳು, ಇವನ ಜೊತೆಯಲ್ಲೇ ಹನ್ನೆರಡು ವರ್ಷದಿಂದ ಗ್ರೀಸು ಮೆತ್ತಿಕೊಂಡವಳು, ಅಂದದ್ದರಲ್ಲಿ ತಪ್ಪೇನಿತ್ತು — ನನ್ನ ಕಿವಿ ಇರೋವಾಗ ಆ ಡಬ್ಬಿ ಯಾಕೆ, ಮುಂದಿನ ಸಲ ನಾನು ಹಿಡೀದೆ ಹೋದ್ರೆ ಸ್ಪ್ಯಾನರ್ ಕೆಳಗಿಡ್ತೀನಿ, ಶೆಡ್ಡು ನಿಂದು, ಅಂದುಬಿಟ್ಟಿದ್ದ. ಆ ಮುಂದಿನ ಸಲ ಇವತ್ತೇ, ನಾಲ್ಕು ಗಂಟೆಗೆ ಡಾಕ್ಟರಮ್ಮ ಬರುತ್ತಾಳೆ, ಪ್ಲಗ್ಗು ನಾಲ್ಕೂ ಹೊಸದು, ಕಾಯಿಲ್ ಅದಲುಬದಲು ಮಾಡಿಯಾಯಿತು, ಪೆಟ್ರೋಲ್ ಪಂಪು ಸರಿಯಿದೆ, ಥ್ರಾಟಲ್ ತೊಳೆದು ಕನ್ನಡಿಯಾಗಿದೆ, ಆದರೂ ಮೂರನೆಯದು, ಎರಡನೆಯದು, ಒಮ್ಮೊಮ್ಮೆ ನಾಲ್ಕೂ, ಇದೆಂಥ ರೋಗ, ಬೆರಳಿಟ್ಟಲ್ಲೆಲ್ಲ ನೋವು ಅನ್ನುವ ರೋಗಿಯ ಹಾಗೆ. ಪ್ಲಗ್ ಕಂಪನಿಯವರನ್ನು ಬೈದದ್ದಾಯಿತು, ಪೆಟ್ರೋಲಿಗೆ ನೀರು ಬೆರೆಸುವವರನ್ನು ಬೈದದ್ದಾಯಿತು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ — ಛೆ, ಆ ಗಾದೆ ಇಲ್ಲಿಗಲ್ಲ. ಈ ನಡುವೆ ಜನ ಮಾತಾಡುವುದೇ ಹಾಗಾಗಿದೆ, ಬಾಯಲ್ಲಿ ಹತ್ತಿ ಇಟ್ಟುಕೊಂಡವರಂತೆ, ಪದದ ತುದಿಗಳನ್ನೆಲ್ಲ ನುಂಗಿಬಿಡುತ್ತಾರೆ, ಏನು, ಏನಂದೆ, ಇನ್ನೊಂದು ಸಲ ಹೇಳು, ಹೆಂಡತಿಗಂತೂ ಇವನದು ಜಾಣ ಕಿವುಡು ಎಂದು ಮೂವತ್ತು ವರ್ಷದಿಂದ ಗೊತ್ತು, ಸಾಮಾನು ತನ್ನಿ ಅಂದ್ರೆ ಕೇಳಿಸಲ್ಲ, ಕಾಫಿ ಅಂದ್ರೆ ರೂಮಿಂದಲೇ ಕೇಳಿಸುತ್ತೆ, ಇವನೂ ನಗುತ್ತಿದ್ದ, ನಿಜವೂ ಇತ್ತು. ಇವತ್ತು ಬೆಳಿಗ್ಗೆ ಮಾತ್ರ ಅವಳು ನಗಲಿಲ್ಲ. ಒಲೆಯ ಪಕ್ಕದಲ್ಲೇ ಪೇಪರ್ ಹಿಡಿದು ಕೂತಿದ್ದ, ಅವಳು ಸ್ನಾನದ ಮನೆಯಿಂದ ತಲೆಗೆ ಟವೆಲ್ ಸುತ್ತಿಕೊಂಡೇ ಓಡಿಬಂದಳು, ಬಾಯಿ ಅಲ್ಲಾಡುತ್ತಿತ್ತು, ಆ ಕೆಟಲ್ ಬಡಕೊಳ್ತಾ ಇದೆಯಲ್ರೀ, ಪಕ್ಕದಲ್ಲೇ ಕೂತಿದೀರಲ್ರೀ — ತಲೆಯೆತ್ತಿದರೆ ಕೆಟಲ್ಲಿನ ಮೂತಿಯಿಂದ ಬಿಳಿ ಹಬೆ, ನೆಟ್ಟಗೆ, ಸದ್ದಿಲ್ಲದೆ. ಸೀಟಿ ಕೆಟ್ಟಿದೆ ಕಣೇ, ಅಂದ. ಅವಳು ಇವನ ಮುಖವನ್ನೇ ನೋಡುತ್ತಾ ಕೈಚಾಚಿ ಒಲೆ ಆರಿಸಿದಳು. ಕೆಟಲ್ಲಿನ ಮೂತಿಯ ಸೀಟಿಯನ್ನು ಕಿತ್ತು ಹಿತ್ತಲಿಗೆ ಒಯ್ದು ಊದಿ ನೋಡಿದ, ಬರೀ ಗಾಳಿ, ಒಳಗೆ ಗಡಸು ನೀರಿನ ಉಪ್ಪು ಕಟ್ಟಿರಬೇಕು, ಶೆಡ್ಡಿನಲ್ಲಿ ತೊಳೆದರಾಯಿತು ಎಂದು ಜೇಬಿಗೆ ಹಾಕಿಕೊಂಡ, ಇಲ್ಲೇ ಇದೆ, ಬಗ್ಗಿದಾಗಲೆಲ್ಲ ಎದೆಗೆ ಒತ್ತುತ್ತದೆ.

ಎಂಜಿನ್ನು ಕಾಯಿತು, ಶುರುವಾಯಿತು ಕೆಮ್ಮು, ಸ್ಕ್ರೂಡ್ರೈವರ್ ಮತ್ತೆ ಮೂಳೆಗೆ, ದಪ್ಪ ಸದ್ದುಗಳೆಲ್ಲ ಇವೆ, ಪಿಸ್ಟನ್ನಿನ ಗುದ್ದು, ಚೈನಿನ ಗೊಣಗು, ಎಲ್ಲ ಹಳೆಯ ನೆಂಟರು, ಆದರೆ ಅವುಗಳ ಮೇಲೆ ಇರಬೇಕಾದ ಸಣ್ಣವು, ಸೂಜಿಯಂಥವು, ಅವು ಎಲ್ಲಿ, ಮೊದಲು ಇರುತ್ತಿದ್ದವಲ್ಲ, ಯಾವಾಗಿಂದ ಇಲ್ಲ, ಹೋದ ವರ್ಷವೂ ಇರಲಿಲ್ಲವೇ — ಭುಜದ ಮೇಲೆ ಕೈ. ಮಗಳು. ಊಟದ ಡಬ್ಬಿ ತಂದಿದ್ದಾಳೆ, ಇನ್ನೂ ಕೈಯಲ್ಲೇ ಇದೆ. ಅಪ್ಪ, ಏನದು ಸುಯ್ ಅಂತಿರೋದು. ಎಲ್ಲಿ. ಅಲ್ಲೇ, ಹಿಂದ್ಗಡೆ, ರಸ್ತೆಗೇ ಕೇಳ್ತಿದೆ. ಹ್ಞಾಂ, ಅದೇ, ಅದನ್ನೇ ನೋಡ್ತಿದ್ದೆ, ಅಂದ ಮೇಸ್ತ್ರಿ, ಸುಳ್ಳು ಎಷ್ಟು ಬೇಗ ಬಂತು ಎಂದು ತನಗೇ ಆಶ್ಚರ್ಯವಾಗಿ, ಸುಯ್ ಎಂಬುದನ್ನು ಹುಡುಕಿ ಕಿವಿಯೆಲ್ಲ ಜಾಲಾಡಿದ, ಇಲ್ಲ, ಅಲ್ಲಿ ಬರೀ ಟಕ್ ಟಕ್. ಅವಳು ಡಬ್ಬಿ ಕೆಳಗಿಟ್ಟು ಕೈಯನ್ನು ಥ್ರಾಟಲ್ಲಿನ ಹಿಂಬದಿಗೆ ತೂರಿಸಿದಳು, ಕಣ್ಣಿನಿಂದಲ್ಲ, ಕಿವಿ ಹೇಳಿದ ಕಡೆಗೆ, ಇವನ ಕೈ ಹೋಗುತ್ತಿದ್ದ ಹಾಗೆಯೇ. ಎಂಜಿನ್ನಿನ ಕೆಮ್ಮು ತಟ್ಟನೆ ನಿಂತಿತು. ನಡುಕವಿಲ್ಲ, ಮುಳ್ಳು ಒಂದೇ ಕಡೆ ನಿಂತಿತು, ತುಸು ಕುಣಿತ, ಕ್ಯಾಮಿನದು, ಅಷ್ಟೇ. ಅವಳ ಬೆರಳಿನ ಕೆಳಗೆ ಇದ್ದದ್ದು ಸೈಕಲ್ ಟ್ಯೂಬಿನ ತುಂಡು — ಇವನದೇ ಕೆಲಸ, ಹಳೆಯ ಡಬ್ಬ ಕಿತ್ತಾಗ ಉಳಿದ ತೂತಿಗೆ ಮಡಚಿ ತಂತಿ ಸುತ್ತಿದ್ದು, ಸರಿಯಾದ ಮುಚ್ಚಳ ತರುವ ತನಕ ಇರಲಿ ಎಂದು, ತರುವುದು ಮರೆತದ್ದು, ಬಿಸಿಗೆ ಅದು ಬಾಯಿ ಬಿಡುತ್ತಿತ್ತು, ಮೂರು ತಿಂಗಳಿಂದ ಕಳ್ಳಗಾಳಿ ಎಳೆಯುತ್ತಾ ಸುಯ್ಗುಡುತ್ತಿತ್ತು, ಹೋಗಿಬರುವವರಿಗೆಲ್ಲ ಕೇಳುವಂತೆ. ಬೆರಳು ಇಡು ಅಪ್ಪ, ನೋಡು. ಇಟ್ಟ. ಗಾಳಿ ಬೆರಳಿನ ತುದಿಯನ್ನು ಒಳಕ್ಕೆ ಚೀಪಿತು. ಬೆರಳಿಗೆ ಗೊತ್ತಾದದ್ದು ಕಿವಿಗೆ ಯಾಕೆ ಗೊತ್ತಾಗಲಿಲ್ಲ.

ಡಾಕ್ಟರಮ್ಮಂಗೆ ಅಪ್ಪನೇ ಹಿಡಿದ್ರು ಅಂತ ಹೇಳ್ತೀನಿ ಬಿಡು, ಅಂದಳು ಮಗಳು, ಅಥವಾ ಹಾಗೇ ಏನೋ ಅಂದಳು, ತುದಿಗಳು ಕೇಳಿಸಲಿಲ್ಲ, ಎಂಜಿನ್ ಆಫ್ ಮಾಡಿ ಸರಿಯಾದ ಮುಚ್ಚಳ ಹುಡುಕಲು ಕಪಾಟಿನ ಕಡೆ ತಿರುಗಿದಳು, ಶೆಡ್ಡಿನಲ್ಲಿ ಮೌನ, ಎಂಥ ಮೌನ, ಇದು ಶೆಡ್ಡಿನದೋ ತನ್ನದೋ, ಅವನಿಗೆ ಹೆದರಿಕೆಯಾಯಿತು, ನೇರವಾಗಿ, ಮಕ್ಕಳಿಗೆ ಆಗುವಂತೆ, ಅವಳು ಬೆನ್ನು ಮಾಡಿದ್ದಾಳೆ, ಈಗಲೇ ನೋಡಿಬಿಡಬೇಕು, ಉಪ್ಪು ಕಟ್ಟಿದೆ ಅಷ್ಟೇ, ಉಪ್ಪು — ಜೇಬಿನಿಂದ ಸೀಟಿ ತೆಗೆದು ತುಟಿಗಿಟ್ಟು ಉಸಿರು ಬಿಗಿದು ಊದಿದ. ಬರೀ ಗಾಳಿ. ಬರೀ ಗಾಳಿ, ನೋಡು, ಕೆಟ್ಟಿದೆ, ಹೇಳಲಿಲ್ಲವೇ ನಾನು — ಕಪಾಟಿನ ಮುಂದೆ ಮಗಳು ಬೆಚ್ಚಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ತಿರುಗಿದಳು, ಬಾಯಿ ಅಲ್ಲಾಡುತ್ತಿತ್ತು, ಬೆಳಿಗ್ಗೆ ಅವಳಮ್ಮನ ಬಾಯಿ ಅಲ್ಲಾಡಿದ ಹಾಗೆ, ಮತ್ತೆ ಒಲೆ, ಒಲೆಯ ಪಕ್ಕದಲ್ಲೇ ತಾನು, ಕೈಯಲ್ಲಿ ಪೇಪರು, ಕೆಟಲ್ಲಿನ ಮೂತಿಯಿಂದ ಬಿಳಿ ಹಬೆ, ನೆಟ್ಟಗೆ, ಬಿಳಿ ಹಬೆ