ಆಯಿ ವಾಲಿದ ಕಡೆಗೆ

ನನ್ನ ತಾಯಿ, ನಮ್ಮ ಆಯಿ ಹೀರಾ, ಮೋಟರ್‌ಸೈಕಲ್ ರೇಸಿನಲ್ಲಿ ಓಡಿದವಳು ಎಂದರೆ ಕಾರವಾರದ ಮೀನು ಮಾರುಕಟ್ಟೆಯಲ್ಲಿ ಈಗಲೂ ಕೆಲವರು ನಗುತ್ತಾರೆ. ನಾನು ಅಲ್ಲಿಯೇ ದಿನಾ ಬಂಗಡೆ, ತಾರ್ಲೆ ಮಾರುವವಳು. ನಕ್ಕವರಿಗೆಲ್ಲ ಮೊದಲು ಉತ್ತರ ಕೊಡುತ್ತಿದ್ದೆ. ಕಳೆದ ವರ್ಷದಿಂದ ಕೊಡುವ ಅಗತ್ಯ ಬಿದ್ದಿಲ್ಲ.

ಗಾಡಿಯ ವಿಷಯ ಮೊದಲು ಹೇಳುತ್ತೇನೆ. ಅದು ಎರಡನೆಯ ಮಹಾಯುದ್ಧದ ಕಾಲದ ಬಿಎಸ್ಎ. ಮಿಲಿಟರಿಯವರು ಹರಾಜು ಹಾಕಿದ್ದು ಕೈಯಿಂದ ಕೈಗೆ ದಾಟಿ, ಹಳಿಯಾಳದ ಕಡೆ ಒಬ್ಬ ಮರದ ಕಂತ್ರಾಟುದಾರನ ಕೊಟ್ಟಿಗೆಯಲ್ಲಿ ಹುಲ್ಲಿನಡಿ ಬಿದ್ದಿತ್ತು. ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದ ನನ್ನ ತಂದೆ, ನಾನು ಬಾಬಾ ಎನ್ನುವ ದೇವಿದಾಸ ಹರಿಕಂತ್ರ, ಅದನ್ನು ಲಾರಿಯ ಮೇಲೆ ಹೇರಿ ತಂದು ಬದುಕಿಸಿದರು. ಎಡಗಡೆಗೆ ತಾವೇ ಪೈಪು ಬೆಸೆದು, ಮೂರನೆಯ ಗಾಲಿ ಕೂಡಿಸಿ, ಅದರ ಮೇಲೆ ಹಳೆಯ ದೋಣಿಯ ಹಲಗೆಯೊಂದನ್ನು ಬಿಗಿದರು. ಕೂರಲು ಸೀಟಿಲ್ಲ, ಹಿಡಿಯಲು ಎರಡು ಹಿಡಿಕೆ ಮಾತ್ರ. ರೇಸಿನ ಸೈಡ್‌ಕಾರ್ ಎಂದರೆ ಅಷ್ಟೇ. ಒಬ್ಬ ಓಡಿಸುತ್ತಾನೆ, ಇನ್ನೊಬ್ಬ ಹಲಗೆಯ ಮೇಲೆ ನಿಂತು, ಬಗ್ಗಿ, ತಿರುವಿನಲ್ಲಿ ಹೊರಕ್ಕೆ ವಾಲಿ ತನ್ನ ಮೈಭಾರದಿಂದ ಗಾಲಿ ಏಳದಂತೆ ನೋಡಿಕೊಳ್ಳುತ್ತಾನೆ.

ಎಂಬತ್ತರ ದಶಕದ ಮೊದಲಿಗೆ ಹೋಳಿ ಕಳೆದ ಮೇಲೆ ಕಾರವಾರದ ದಕ್ಷಿಣಕ್ಕೆ ನಮ್ಮ ಹಳೆಯ ಊರಿನ ದಂಡೆಯಲ್ಲಿ ಇಂಥ ರೇಸು ನಡೆಯುತ್ತಿತ್ತು. ಸಮುದ್ರದ ಇಳಿತದ ಹೊತ್ತಿಗೆ ಮರಳು ಸಿಮೆಂಟಿನಂತೆ ಗಟ್ಟಿಯಾಗುತ್ತಿತ್ತು. ಎರಡು ತುದಿಗೆ ಎರಡು ಡ್ರಮ್ಮು ಇಟ್ಟು ಸುತ್ತು ಹಾಕುವುದು. ಎಲ್ಲ ತಿರುವೂ ಎಡಕ್ಕೇ. ಬಾಬಾನ ಗಾಡಿಯ ಹಲಗೆ ಹತ್ತಿದ ಗಂಡಸರು ಮೊದಲ ತಿರುವಿನಲ್ಲೇ ಮರಳಿಗೆ ಬೀಳುತ್ತಿದ್ದರು. ಆಗಷ್ಟೇ ಮದುವೆಯಾಗಿ ಬಂದ ಆಯಿ ಅದನ್ನು ನೋಡಿ, "ಇದು ನಮ್ಮಪ್ಪನ ಪಾತಿ ದೋಣಿಯ ಹಾಗೇ ಇದೆ, ನಾನು ನಿಲ್ಲುತ್ತೇನೆ" ಎಂದಳಂತೆ. ಗಂಡುಮಕ್ಕಳಿಲ್ಲದ ಮನೆ ಅವಳದು. ಹುಡುಗಿಯಾಗಿದ್ದಾಗ ಅಪ್ಪನ ಜೊತೆ ದೋಣಿಗೆ ಹೋಗಿ, ಗಾಳಿ ಹೊಡೆದಾಗ ದೋಣಿ ಮಗುಚದಂತೆ ಪಕ್ಕದ ತೇಲುಮರದ ದಂಡದ ಮೇಲೆ ಓಡಿ ಭಾರ ಹಾಕುತ್ತಿದ್ದವಳು.

ಎಂಬತ್ತಮೂರರ ರೇಸಿನಲ್ಲಿ ಅವರಿಬ್ಬರೂ ಮೊದಲು ಬಂದರು. ಎರಡನೆಯವನಾಗಿ ಬಂದವನು ಮಂಜಗುಣಿಯ ಜಟ್ಟ ಗೌಡ, ಗದ್ದೆ ಮಾಡುವ ಮನೆಯವನು, ಅಂಕೋಲೆಯ ಕಡೆ ಬುಲೆಟ್ ಎಂದರೆ ಅವನೇ ಎನ್ನುವಂಥವನು. ಹಲಗೆಯ ಮೇಲಿರುವುದು ಹೆಂಗಸೆಂದು ಹೊರಡುವ ಮೊದಲೇ ಎಲ್ಲರಿಗೂ ಗೊತ್ತಿತ್ತು. ಆಗ ಯಾರೂ ತಡೆಯಲಿಲ್ಲ. ಓಡುವಾಗ ತಮಾಷೆಯಾಗಿದ್ದದ್ದು ಗೆದ್ದಾಗ ನಿಯಮವಾಯಿತು. ಹೆಂಗಸು ಹತ್ತಿದ ಗಾಡಿ ಲೆಕ್ಕಕ್ಕಿಲ್ಲ, ಮೊದಲನೆಯದು ಜಟ್ಟನಿಗೇ ಎಂದು ನಡೆಸುವವರು ಹೇಳಿದರು.

ಜಟ್ಟ ಗೌಡ ಎದ್ದು ನಿಂತು, "ನಾನ್ ಎರಡ್ನೇದು ಬಂದವ. ಎರಡ್ನೇದು ಕೊಡೂದಾದ್ರೆ ಕೊಡಿ, ಇಲ್ಲಂದ್ರೆ ಬಿಡಿ" ಎಂದು ಹೇಳಿ ಗಾಡಿ ತೆಗೆದುಕೊಂಡು ಹೋಗಿಬಿಟ್ಟ. ಆ ವರ್ಷ ಮೊದಲ ಬಹುಮಾನ ಯಾರಿಗೂ ಹೋಗಲಿಲ್ಲ. ಮಾರನೆಯ ವಾರ ಬಾಬಾ ಅವನ ಮನೆ ಹುಡುಕಿಕೊಂಡು ಮಂಜಗುಣಿಗೆ ಹೋದರು. ಅಂದಿನಿಂದ ಅವನು ಮನೆಯವನೇ ಆದ, ಆಮೇಲೆ ಹುಟ್ಟಿದ ನನಗೆ ಜಟ್ಟಮಾಮ.

ಕೆಲವೇ ವರ್ಷಗಳಲ್ಲಿ ನೌಕಾನೆಲೆಗೆಂದು ಆ ದಂಡೆ ಹೋಯಿತು, ನಮ್ಮ ಮನೆಯೂ ಹೋಯಿತು. ನಾವು ಅಮದಳ್ಳಿಗೆ ಬಂದೆವು. ರೇಸು ನಿಂತಿತು. ಬಿಎಸ್ಎ ಮಾತ್ರ ನಿಲ್ಲಲಿಲ್ಲ. ಆ ಹಲಗೆಯ ಮೇಲೆ ಐಸಿನ ಪೆಟ್ಟಿಗೆ ಹೇರಿ, ಮೀನು ಹೇರಿ, ಒಮ್ಮೆ ಹೆರಿಗೆಗೆ ಹೊರಟ ನನ್ನನ್ನೂ ಹೇರಿ ಬಾಬಾ ಓಡಿಸಿದ್ದಾರೆ. ಐದಾರು ವರ್ಷದ ಹಿಂದೆ ಅವರ ಕಣ್ಣು ಅಂಚಿನಿಂದ ಮಸುಕಾಗುತ್ತ ಬಂದು, ಈಗ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ. ಆದರೂ ವಾರಕ್ಕೊಮ್ಮೆ ಗಾಡಿ ಶುರು ಮಾಡಿ, ತಲೆ ವಾಲಿಸಿ ಅದರ ಸದ್ದು ಕೇಳದಿದ್ದರೆ ಅವರಿಗೆ ಊಟ ಇಳಿಯುವುದಿಲ್ಲ.

ಕಳೆದ ವರ್ಷ ಜನವರಿಯಲ್ಲಿ ಶಿರವಾಡದ ಯೋಗೇಶ ನಮ್ಮ ಮನೆಗೆ ಬಂದ. ಅವನದು ಗ್ಯಾರೇಜು, ಜೊತೆಗೆ ಹಳೆಯ ರೇಸ್ ಗಾಡಿಗಳ ಹುಚ್ಚು. ಮಂಜಗುಣಿಯ ಹತ್ತಿರದ ದಂಡೆಯಲ್ಲಿ ಪರವಾನಗಿ ತೆಗೆದು ಹಳೇ ಗಾಡಿಗಳ ರೇಸು ಇಟ್ಟಿದ್ದರು.

"ಅಂಕಲ್, ನೀವು ಗಾಡಿ ತಂದು ನಿಲ್ಸಿದ್ರೆ ಸಾಕು. ಜನ ನೋಡ್ಲಿ," ಎಂದ.

"ನಿಲ್ಸೂಕೆ ಅದೆಂತಾ ಗಣಪತಿಯಾ?" ಎಂದರು ಬಾಬಾ. "ಓಡೂದಾದ್ರೆ ತರ್ತೆ."

"ಓಡ್ಸೂದು ಯಾರು?"

"ಜಟ್ಟ ಓಡಸ್ತ. ಆ ಕಾಲದ ಗೇರು ಬಲಗಾಲಲ್ಲಿ. ಅವನಿಗೆ ಅಭ್ಯಾಸ ಅದೆ."

"ಹಲಗೆ ಮೇಲೆ ನಮ್ಮ ಹುಡುಗ ಒಬ್ಬನ್ನ ಹಾಕ್ಲಾ?"

ಬಾಬಾ ಹಿತ್ತಿಲಿನ ಕಡೆ ಮುಖ ತಿರುಗಿಸಿದರು. ಅಲ್ಲಿ ಆಯಿ ಬಂಗಡೆ ಹೆಚ್ಚುತ್ತಿದ್ದಳು. ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು. ಕೈ ತೊಳೆದು ಒಳಗೆ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಯಾವತ್ತು ರೇಸು?" ಎಂದು ಮಾತ್ರ ಕೇಳಿದಳು.

ಯೋಗೇಶ ಹೋದ ಮೇಲೆ ನಾನು ಜಗಳಕ್ಕೇ ನಿಂತೆ. "ಆಯಿ, ನಿನಗೆ ಅರವತ್ತನಾಲ್ಕು. ಮೆಟ್ಟಿಲು ಇಳಿಯುವಾಗ ಮೊಣಕಾಲು ಹಿಡಿಯುತ್ತೀಯ."

"ಗಾಡಿಗೆ ಎಂಬತ್ತು ದಾಟಿತು," ಎಂದಳು ಆಯಿ. "ಅದು ಏನೂ ಹೇಳುತ್ತಿಲ್ಲವಲ್ಲ."

ಅಭ್ಯಾಸಕ್ಕೆ ಗಾಡಿಯನ್ನು ನನ್ನ ಮೀನಿನ ಟೆಂಪೋದಲ್ಲಿ ಮಂಜಗುಣಿಗೆ ಒಯ್ದೆವು. ಜಟ್ಟಮಾಮ ಶೇಂಗಾ ಗದ್ದೆಯಿಂದ ಹಾಗೇ ಬಂದ, ಪಂಚೆ ಬಿಚ್ಚಿ ಮಗನ ಪ್ಯಾಂಟು ಹಾಕಿಕೊಂಡ. ಆಯಿ ನನ್ನ ಚೂಡಿದಾರದ ಮೇಲೆ ಬಾಬಾನ ಹಳೆಯ ದಪ್ಪ ಅಂಗಿ ತೊಟ್ಟು, ಮೊಣಕಾಲಿಗೆ ಪಟ್ಟಿ ಬಿಗಿದಿದ್ದಳು. ಬಾಬಾ ಹ್ಯಾಂಡಲಿನ ಎಡಗಡೆಯ ಪುಟ್ಟ ಲಿವರನ್ನು ಬೆರಳಿನಿಂದ ತಡವಿ ಹಿಂದಕ್ಕೆ ಎಳೆದರು. ಅದನ್ನು ಎಳೆಯದೆ ಕಿಕ್ ಹೊಡೆದರೆ ಗಾಡಿ ತಿರುಗಿ ಒದೆಯುತ್ತದೆ. ಜಟ್ಟಮಾಮ ಒದ್ದ. ಎಂಜಿನ್ ಕೆಮ್ಮಿ, ಆಮೇಲೆ ದೊಡ್ಡ ಮುದುಕನೊಬ್ಬ ಸಮಾಧಾನದಿಂದ ಮಾತಾಡುವ ಹಾಗೆ ಸದ್ದು ಹಿಡಿಯಿತು.

ಮೊದಲ ತಿರುವು ಕೆಟ್ಟಿತು. ಎರಡನೆಯದೂ ಕೆಟ್ಟಿತು. ಗಾಡಿ ತೂರಾಡಿ, ಮುಂದಿನ ಗಾಲಿ ಮರಳು ಉತ್ತು ನಿಂತಿತು. ಜಟ್ಟಮಾಮ ಇಳಿದು ಬೆವರು ಒರೆಸಿಕೊಂಡ.

"ತಂಗಿ, ನಾನ್ ತಿರ್ಗ್ಸೂಕಿಂತ ಮೊದ್ಲೇ ನೀನ್ ವಾಲಿದ್ರೆ ಹ್ಯಾಂಗೆ? ಹ್ಯಾಂಡಲ್ ನನ್ ಕೈಲದೆ."

"ನಾನ್ ವಾಲಿದ್ ಮೇಲೆ ನೀವು ತಿರ್ಗ್ಸಿ, ಜಟ್ಟಣ್ಣ," ಎಂದಳು ಆಯಿ. "ಗಾಳಿ ಹೊಡೆದ್ ಮೇಲೆ ಓಡಿದ್ರೆ ದೋಣಿ ಮಗಚಿ ಆಗಿರ್ತದೆ."

"ನನ್ ತಿಮ್ಮು ಹಾಗ್ ಮಾಡ್ತಿರ್ಲಿಲ್ಲ." ತಿಮ್ಮು ಎಂದರೆ ಅವನ ಬುಲೆಟ್ಟಿನ ಹಲಗೆ ಹತ್ತುತ್ತಿದ್ದ ತಮ್ಮ.

"ಅದಕ್ಕೇ ನೀವು ಎರಡ್ನೇದು ಬಂದ್ರಿ."

ಜಟ್ಟಮಾಮನ ಮುಖ ಕೆಂಪಾಯಿತು. ಹೋಗಿ ಗಾಳಿಮರದ ನೆರಳಿನಲ್ಲಿ ಕೂತುಬಿಟ್ಟ. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮನಸ್ಸಿನಲ್ಲಿ ಸ್ವಲ್ಪ ಸಮಾಧಾನವೂ ಆಯಿತು. ಬಾಬಾ ನನ್ನ ಭುಜ ಹಿಡಿದು ಅವನ ಹತ್ತಿರ ನಡೆದರು.

"ತಿರುವು ಬಂದ ಕೂಡ್ಲೆ ನೀ ಎಕ್ಸಲೇಟರ್ ಬಿಡ್ತೆ. ನಂಗೆ ಕೇಳ್ತದೆ. ಎಂತಕೆ ಹೆದರ್ತೆ?"

ಜಟ್ಟಮಾಮ ಆಯಿಯ ಕಡೆ ಬೆರಳು ಮಾಡಿದ. "ಅವಳು ಬಿದ್ರೆ ನಿನ್ ಮುಖ ಹ್ಯಾಂಗ್ ನೋಡೂದು?"

"ನೀ ನೋಡಿದ್ರೂ ನಂಗೆ ಕಾಣೂದಿಲ್ಲ. ಚಿಂತೆ ಬಿಡು."

ಹಿಂದೆ ನಿಂತಿದ್ದ ಆಯಿ ನಕ್ಕುಬಿಟ್ಟಳು. ಜಟ್ಟಮಾಮನೂ ನಕ್ಕ. ಆಮೇಲೆ ಆಯಿ ಅವನ ಎದುರು ಕೂತು, ಗಂಭೀರವಾಗಿ ಹೇಳಿದಳು: "ಜಟ್ಟಣ್ಣ, ಬೀಳೂದು ನನ್ ಕೆಲ್ಸ, ಬೀಳದೇ ಇರೂದೂ ನನ್ ಕೆಲ್ಸ. ನೀವು ಗಾಡಿ ನೋಡಿ."

ಆಮೇಲಿನ ತಿರುವಿನಲ್ಲಿ ಆಯಿ ಹೊರಕ್ಕೆ ವಾಲಿದಳು, ಅವಳು ವಾಲಿದ ಮೇಲೆ ಜಟ್ಟಮಾಮ ಹ್ಯಾಂಡಲ್ ತಿರುಗಿಸಿದ. ಗಾಡಿ ಡ್ರಮ್ಮನ್ನು ಹಗ್ಗ ಸುತ್ತಿದ ಹಾಗೆ ಸುತ್ತಿತು. ನನ್ನ ಪಕ್ಕ ನಿಂತಿದ್ದ ಬಾಬಾ, "ಹಾಂ," ಎಂದರು, ಅಷ್ಟೇ.

ರೇಸಿನ ದಿನ ಬೆಳಿಗ್ಗೆಯೇ ಇಳಿತವಿತ್ತು. ಗೋವೆಯಿಂದ, ಹುಬ್ಬಳ್ಳಿಯಿಂದ ಗಾಡಿಗಳು ಬಂದಿದ್ದವು: ಜಾವಾ, ನಾರ್ಟನ್, ಒಂದು ಕೆಂಪು ಡುಕಾಟಿ. ಅವುಗಳ ಓಟ ಮುಗಿದ ಮೇಲೆ ಮೂರು ಗಾಲಿಯವುಗಳ ಸರದಿ. ಐದು ಗಾಡಿ. ನಮ್ಮ ಪಕ್ಕದಲ್ಲಿ ನಿಂತದ್ದು ಕಾರವಾರದ ಕಿಶೋರನ ಬುಲೆಟ್. ಅದರ ಹಲಗೆಯ ಮೇಲೆ ಅವನ ಹೆಂಡತಿ ರೂಪಾ, ಇಪ್ಪತ್ತೈದರ ಹುಡುಗಿ, ಚರ್ಮದ ಜಾಕೀಟು ಹಾಕಿಕೊಂಡು ನಿಂತಿದ್ದಳು. ಅವಳನ್ನು ಯಾರೂ ತಿರುಗಿ ನೋಡಲಿಲ್ಲ, ಹೆಂಗಸೇಕೆ ಎಂದು ಕೇಳಲಿಲ್ಲ. ಆಯಿ ಮಾತ್ರ ನೋಡಿದಳು, ತುಂಬ ಹೊತ್ತು.

ಬಾವುಟ ಬಿತ್ತು. ನೇರ ಓಟದಲ್ಲಿ ಬಿಎಸ್ಎಗೆ ಬುಲೆಟ್ಟಿನ ವೇಗವಿಲ್ಲ. ಮೊದಲ ಡ್ರಮ್ಮಿಗೆ ನಾವು ನಾಲ್ಕನೆಯವರು. ಆದರೆ ಅಲ್ಲಿ ಮುಂದಿನವರೆಲ್ಲ ವೇಗ ತಗ್ಗಿಸಿದರು. ಆಯಿ ಆಗಲೇ ಹೊರಗಿದ್ದಳು. ಎಡಗೈ ಚಾಚಿ, ಸೊಂಟ ಮರಳಿಗೆ ತಾಗುವಷ್ಟು ಕೆಳಗೆ. ಮೂರನೆಯ ಗಾಲಿ ನೆಲ ಬಿಡಲಿಲ್ಲ. ಜಟ್ಟಮಾಮ ಒಳಗಿನಿಂದ ಒಬ್ಬರನ್ನು ದಾಟಿದ, ಮುಂದಿನ ತಿರುವಿನಲ್ಲಿ ಇನ್ನೊಬ್ಬರನ್ನು. ಮಂಜಗುಣಿಯ ಹೆಂಗಸರು ದಂಡೆಯ ಉದ್ದಕ್ಕೂ ನಿಂತಿದ್ದರು. ಮೊದಮೊದಲು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದವರು ಕೊನೆಯ ಸುತ್ತಿನ ಹೊತ್ತಿಗೆ ಆಯಿ ವಾಲಿದಾಗೆಲ್ಲ ತಾವೂ ಎಡಕ್ಕೆ ವಾಲುತ್ತಿದ್ದರು.

ಕೊನೆಯ ತಿರುವಿನಲ್ಲಿ ಕಿಶೋರನ ಗಾಡಿಯ ಪಕ್ಕದ ಗಾಲಿ ಒಂದು ಗೇಣು ಮೇಲಕ್ಕೆದ್ದಿತು. ಅವನು ತಡವರಿಸಿದ. ನಮ್ಮ ಬಿಎಸ್ಎ ಅವನ ಒಳಗಡೆಯಿಂದ ಮುಂದಾಯಿತು. ಆ ಕ್ಷಣ ನಾವೇ ಮೊದಲು. ಆಮೇಲೆ ನೇರ ದಾರಿಯಲ್ಲಿ ಬುಲೆಟ್ ಮತ್ತೆ ವೇಗ ಹಿಡಿದು, ಗೆರೆಯ ಹತ್ತಿರ ಬರುವಾಗ ನಮ್ಮನ್ನು ಅರ್ಧ ಗಾಡಿಯಷ್ಟು ಹಿಂದೆ ಹಾಕಿತು. ನ್ಯಾಯವಾಗಿಯೇ ಗೆದ್ದರು.

ನಾನು ಓಡಿದೆ. ಆಯಿಯ ತಲೆ, ಹುಬ್ಬು, ಅಂಗಿ ಎಲ್ಲ ಮರಳು. ಮೊಣಕಾಲಿನ ಪಟ್ಟಿ ಜಾರಿ ಪಾದಕ್ಕೆ ಬಂದಿತ್ತು. ನನ್ನ ಕೈ ಹಿಡಿಯದೆ ತಾನೇ ಹಲಗೆಯಿಂದ ಇಳಿದಳು. ಬಾಬಾ ಗಾಡಿಯ ಸದ್ದಿನ ಗುರುತು ಹಿಡಿದು ಒಬ್ಬರೇ ನಡೆದು ಬಂದಿದ್ದರು.

"ಕೊನೇ ತಿರುವಲ್ಲಿ ಸದ್ದು ಸ್ವಲ್ಪಾನೂ ಇಳೀಲಿಲ್ಲ," ಎಂದರು ಜಟ್ಟಮಾಮನಿಗೆ.

"ಬಿಡ್ಲಿಲ್ಲ ಮಾರಾಯ. ತಂಗಿ ಬಿಡೂಕೆ ಕೊಡ್ಲಿಲ್ಲ."

ಮೈಕಿನಲ್ಲಿ ಹೆಸರು ಕೂಗುವ ಮೊದಲು ಯೋಗೇಶ ಬಂದು ಕೇಳಿದಾಗ ಜಟ್ಟಮಾಮ, "ಅವಳ ಹೆಸ್ರು ಮೊದ್ಲು ಹೇಳು," ಎಂದ. ಎರಡನೆಯ ಸ್ಥಾನ ಹೀರಾ ದೇವಿದಾಸ ಹರಿಕಂತ್ರ ಮತ್ತು ಜಟ್ಟ ಗೌಡ ಎಂದು ದಂಡೆಯ ತುಂಬ ಕೇಳಿಸಿತು. ಬಾಬಾ ಆ ಹೆಸರನ್ನು ತುಟಿಯಲ್ಲೇ ಇನ್ನೊಮ್ಮೆ ಹೇಳಿಕೊಂಡರು. ಮಾಲೆ ಹಾಕಿಸಿಕೊಳ್ಳಲು ಆಯಿ ಮರಳು ಕೂಡ ಕೊಡವಿಕೊಳ್ಳದೆ ಹೋಗಿ ನಿಂತಳು. ಕುತ್ತಿಗೆ ನೇರ. ನನಗೆ ಫೋಟೋ ತೆಗೆಯಲಾಗಲಿಲ್ಲ, ಕಣ್ಣು ತುಂಬಿತ್ತು.

ಜನ ಚದುರುವ ಹೊತ್ತಿಗೆ ರೂಪಾ ಹತ್ತಿರ ಬಂದಳು. ಕೈಯಲ್ಲಿ ಗೆದ್ದ ಬಹುಮಾನವಿತ್ತು.

"ಮಾವಶಿ, ಕೊನೇ ತಿರುವಲ್ಲಿ ನಮ್ ಗಾಲಿ ಎದ್ದೇ ಹೋಯ್ತು. ನಿಮ್ದು ಒಂದ್ಸಲನೂ ಏಳ್ಲಿಲ್ಲ. ನೀವು ಯಾವಾಗ ವಾಲೂದು?"

ಆಯಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಅವಳ ಕೈಯಲ್ಲಿದ್ದ ಬಹುಮಾನ ತೆಗೆದು ನನ್ನ ಕೈಗೆ ಕೊಟ್ಟಳು. "ಹಲಗೆ ಹತ್ತು. ಜಾಕೀಟು ಬಿಚ್ಚು, ಮೈ ಬಗ್ಗೂದಿಲ್ಲ ಅದ್ರಲ್ಲಿ."

ಆಗಲೇ ಚಹಾ ಕುಡಿಯಲು ಹೊರಟಿದ್ದ ಜಟ್ಟಮಾಮನ ಕಡೆ ತಿರುಗಿ, "ಜಟ್ಟಣ್ಣ, ಚಾ ಆಮೇಲೆ ಕುಡೀರಿ. ಬಂದು ಗಾಡಿ ಮೇಲೆ ಕೂತ್ಕಳಿ," ಎಂದಳು. ಅವನು ಗೊಣಗುತ್ತ ಬಂದು ಕೂತ. ಬಾಬಾ ಹ್ಯಾಂಡಲಿನ ಲಿವರಿಗಾಗಿ ಕೈ ಚಾಚಿದರು.