ಅಣ್ಣನ ಗೆರೆ, ತಮ್ಮನ ಜಿಗ್

ಅಂಗಡಿಯವನಿಗೆ ಮೀನಮೇಷ ಎಣಿಸುವ ಗಿರಾಕಿಗಳು ಹೊಸಬರಲ್ಲ. ಆದರೂ ಒಂದೇ ವಾರದಲ್ಲಿ ಮೂರನೇ ಸಲ ಬಂದು, ಅದೇ ಎರಡು ಜಿಗ್‌ಗಳ ಮುಂದೆ ಕೈಕಟ್ಟಿ ನಿಂತ ಈ ಪೆಟ್ಟಿಗೆ ಕೆಲಸದವನನ್ನು ಕಂಡು ಅವನಿಗೂ ಸಾಕಾಗಿಹೋಗಿತ್ತು.

"ಯಜಮಾನ್ರೇ, ನೀವು ನೋಡಿ ನೋಡಿ ಅದಕ್ಕೆ ದೃಷ್ಟಿ ತಾಗುತ್ತೆ. ಯಾವುದಾದ್ರೂ ಒಂದು ಎತ್ಕೊಳ್ಳಿ."

"ಇನ್ನೊಂದ್ಸಲ ಹೇಳಿ. ಎರಡಕ್ಕೂ ಏನು ವ್ಯತ್ಯಾಸ?"

ಅಂಗಡಿಯವನು ನಿಟ್ಟುಸಿರು ಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡಿದ. ಹಲಗೆಯನ್ನು ಕೆಳಗೆ ಬಿಗಿದು, ಮೇಲಿನ ಈ ಲೋಹದ ಬೆರಳುಗಳ ನಡುವೆ ಮರ ಕೊರೆಯುವ ರೂಟರ್ ಮಿಷನ್ ಓಡಿಸಿದರೆ ಪೆಟ್ಟಿಗೆಯ ಮೂಲೆಯಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲುಗಳು ತಾವಾಗಿಯೇ ಕೊಯ್ದುಕೊಳ್ಳುತ್ತವೆ. ಗೆರೆಯೂ ಬೇಡ, ಗರಗಸವೂ ಬೇಡ. ಮೊದಲನೆಯದರಲ್ಲಿ ಬೆರಳುಗಳು ಅಲುಗಾಡುವುದಿಲ್ಲ, ಹಲ್ಲೆಲ್ಲ ಒಂದೇ ಅಳತೆ. ಬಿಗಿ, ಕೊಯ್ಯಿ, ಮನೆಗೆ ಹೋಗು. ಎರಡನೆಯದರಲ್ಲಿ ಪ್ರತಿ ಬೆರಳನ್ನೂ ಬೇಕಾದಲ್ಲಿಗೆ ಸರಿಸಿ ತಿರುಪು ಬಿಗಿಯಬಹುದು. ಒಂದು ಹಲ್ಲು ಅಗಲ, ಒಂದು ಸಪೂರ, ನಿಮ್ಮಿಷ್ಟ. ಆದರೆ ಹೊಂದಿಸುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ.

"ನಿಮ್ಮಂಥ ಕೆಲಸಕ್ಕೆ ಮೊದಲನೇದೇ ಸಾಕು. ಪೆಟ್ಟಿಗೆ ಮೂಲೇಲಿ ಹಲ್ಲು ಹೇಗಿದೆ ಅಂತ ಯಾರು ಬೆರಳಾಡಿಸಿ ನೋಡ್ತಾರೆ ಹೇಳಿ?"

ನೋಡುವವನು ಒಬ್ಬನಿದ್ದ. ಅದೇ ತಾಪತ್ರಯ.

ಇವನನ್ನು ಬೀದಿಯವರೆಲ್ಲ ಕರೆಯುವುದು 'ತಮ್ಮ' ಎಂದೇ, ಐವತ್ತೆರಡು ತುಂಬಿ ತಲೆ ನೆರೆತ ಮೇಲೂ. ಚಿಕ್ಕಂದಿನಲ್ಲಿ ಇದ್ದೊಂದು ಗರಗಸಕ್ಕೆ ಅಣ್ಣತಮ್ಮಂದಿರು ಹಾವು ಮುಂಗುಸಿಯಂತೆ ಕಚ್ಚಾಡುತ್ತಿದ್ದಾಗ ಅಪ್ಪ ಬೇಸತ್ತು, ಗೀರುವ ಚಾಕುವನ್ನು ಅಣ್ಣನ ಕೈಗೂ ಗರಗಸವನ್ನು ತಮ್ಮನ ಕೈಗೂ ಕೊಟ್ಟು, ಒಬ್ಬರದನ್ನು ಇನ್ನೊಬ್ಬರು ಮುಟ್ಟಿದರೆ ಜೋಕೆ ಎಂದಿದ್ದ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು, ಆ ಮಾತು ಮಾತ್ರ ಹೋಗಿರಲಿಲ್ಲ. ಹಲಗೆಯ ತುದಿಯಲ್ಲಿ ಹಲ್ಲುಗಳ ಗೆರೆ ಗೀರುವವನು ಅಣ್ಣ, ಆ ಗೆರೆಯ ಮೇಲೆ ಕೊಯ್ಯುವವನು ತಮ್ಮ. ಮೂವತ್ತು ವರ್ಷದಿಂದ ಪೆಟ್ಟಿಗೆ ಮಾಡುತ್ತಿರುವ ಮನುಷ್ಯನಿಗೆ ಒಂದು ಹಲ್ಲಿನ ಗೆರೆ ಎಳೆಯಲು ಬಾರದು ಎಂದರೆ ಯಾರಾದರೂ ನಗುತ್ತಾರೆ. ಆದರೆ ನಿಜವಾಗಿಯೂ ಬರುತ್ತಿರಲಿಲ್ಲ. ಎಳೆಯಬೇಕಾದ ಪ್ರಮೇಯವೇ ಬಂದಿರಲಿಲ್ಲ.

ಕಳೆದ ವರ್ಷ ಅಣ್ಣನ ಕಣ್ಣು ಕೈಕೊಟ್ಟಿತು. ನೋಟದ ಅಂಚು ಉಳಿದು ನಡುಭಾಗ ಮಸುಕಾಯಿತು. ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ. ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಮುಲಾಜಿಲ್ಲದೆ ಹೇಳಿದರು. ಅಣ್ಣ ಮಾರನೇ ದಿನ ಎಂದಿನಂತೆ ಕಾರ್ಖಾನೆಗೆ ಬಂದು ಚಾಕು ಹಿಡಿದ. ಗೆರೆ ಓಲತೊಡಗಿತು. ತಮ್ಮನ ಗರಗಸ ಗೆರೆಯನ್ನು ನಂಬಿಯೇ ಬೆಳೆದದ್ದು, ಓಲಿದ ಗೆರೆಯ ಹಿಂದೆ ಅದೂ ಓಲಿತು. ತೂಕದ ಬಟ್ಟುಗಳನ್ನಿಡಲು ಪೆಟ್ಟಿಗೆ ಮಾಡಿಸುವ ಕಂಪನಿಯವನು ಎರಡು ಸಲ ಮಾಲು ವಾಪಸು ಕಳಿಸಿದ. ಮೂಲೆಯ ಸಂದಿಯಲ್ಲಿ ಉಗುರು ತೂರುತ್ತಿತ್ತು. ಮೂರನೇ ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಹೇಳಿಕಳಿಸಿದ.

"ಸ್ವಲ್ಪ ದಿನ ಸುಧಾರಿಸ್ಕೋ ಅಣ್ಣ" ಎಂದು ತಮ್ಮ ಒಮ್ಮೆ ಬಾಯಿಬಿಟ್ಟಿದ್ದ. ಅಣ್ಣ ಎರಡು ದಿನ ಊಟ ಮಾಡಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದ. ಮೂರನೇ ದಿನ ಅತ್ತಿಗೆ ಬಂದು, "ಅವರ ಕೈಯಿಂದ ಆ ಚಾಕು ಕಿತ್ಕೋಬೇಡ ಕಣಪ್ಪ. ಅದೊಂದು ಹೋದ್ರೆ ಅವರು ಏಳಲ್ಲ" ಎಂದಳು. ಅಂದೇ ತಮ್ಮ ನಿರ್ಧರಿಸಿದ. ಅಣ್ಣ ಗೀರುತ್ತಲೇ ಇರಲಿ, ಪೆಟ್ಟಿಗೆ ಬೇರೆ ದಾರಿಯಲ್ಲಿ ಆಗಲಿ, ಅದು ಅವನಿಗೆ ತಿಳಿಯದಿರಲಿ.

ತಿಳಿಯದಿರುವುದೇ ಕಷ್ಟ. ಅಂಟು ಹಾಕಿದ ಪ್ರತಿ ಪೆಟ್ಟಿಗೆಯೂ ಸಂಜೆ ಅಣ್ಣನ ತೊಡೆಯೇರಬೇಕು. ನಾಲ್ಕೂ ಮೂಲೆಗಳ ಮೇಲೆ ಅವನ ಬೆರಳು ಹರಿದು "ಹೂಂ" ಎಂಬ ಅಪ್ಪಣೆ ಬಿದ್ದ ಮೇಲೆಯೇ ಅದು ಕಪಾಟು ಸೇರುವುದು. ಅವನ ಮೂಲೆಯಲ್ಲಿ ಏಳು ಹಲ್ಲು, ಎರಡು ಅಂಚಿನವು ಸಪೂರ, ನಡುವಿನವು ತುಸು ಅಗಲ. ಎಲ್ಲ ಹಲ್ಲೂ ಒಂದೇ ಸಮ ಇರುವ ಮೂಲೆಯನ್ನು ಕೊಟ್ಟರೆ ಅವನ ಬೆರಳು ಅಲ್ಲೇ ಕಳ್ಳನನ್ನು ಹಿಡಿಯುತ್ತದೆ.

"ಬೆರಳು ಸರಿಯೋದನ್ನೇ ಕೊಡಿ" ಎಂದ ತಮ್ಮ.

"ಅಂತೂ ಬಾಯಿ ಬಿಟ್ರಲ್ಲ!" ಎಂದು ಅಂಗಡಿಯವನು, ಗಿರಾಕಿ ಇನ್ನೆಲ್ಲಿ ಮನಸ್ಸು ಬದಲಿಸುತ್ತಾನೋ ಎಂಬಂತೆ ಗಡಿಬಿಡಿಯಲ್ಲಿ ಕಟ್ಟಿಕೊಟ್ಟ.

ಕಪಾಟಿನಲ್ಲಿ ಅಣ್ಣನ ಕಣ್ಣು ಚೆನ್ನಾಗಿದ್ದ ಕಾಲದ ಪೆಟ್ಟಿಗೆಯೊಂದಿತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡು, ಜಿಗ್ಗಿನ ಬೆರಳುಗಳನ್ನು ಒಂದೊಂದಾಗಿ ಸರಿಸಿ ತಮ್ಮ ಹೊಂದಿಸಿದ. ದಿನಚರಿಯೂ ಹೊಂದಿಕೊಂಡಿತು. ಬೆಳಿಗ್ಗೆ ಅಣ್ಣ ಗೀರುತ್ತಾನೆ. ಮಧ್ಯಾಹ್ನ ಎದುರಿಗಿರುವ ತನ್ನ ಮನೆಗೆ ಊಟಕ್ಕೆ ಹೋಗಿ ಒಂದು ನಿದ್ದೆ ತೆಗೆಯುತ್ತಾನೆ. ಅಷ್ಟರಲ್ಲಿ ತಮ್ಮ ಕೀಸುಳಿ ಹಾಕಿ ಆ ಗೆರೆಗಳನ್ನೆಲ್ಲ ಅಳಿಸಿ, ಜಿಗ್ಗಿನಲ್ಲಿ ಹಲ್ಲು ಕೊಯ್ದು, ಹೊಟ್ಟು ಗುಡಿಸಿ, ಜಿಗ್ಗನ್ನು ಗೋಣಿಯ ಕೆಳಗೆ ಮುಚ್ಚುತ್ತಾನೆ. ಹಲ್ಲಿನ ಬುಡದಲ್ಲಿ ಚಾಕುವಿನ ಅಡ್ಡಗೀರು ಬೆರಳಿಗೆ ಸಿಗಬೇಕಲ್ಲ, ಅದನ್ನೂ ಅಣ್ಣನ ಚಾಕುವಿನಿಂದಲೇ ಮೂಲೆಮಟ್ಟ ಹಿಡಿದು ಸುಳ್ಳುಸುಳ್ಳೇ ಎಳೆಯುತ್ತಾನೆ. ಮಿಷನ್ ಸದ್ದು ಏನೆಂದು ಅತ್ತಿಗೆ ಕೇಳಿದಾಗ, ಮುಚ್ಚಳ ಕೂರುವ ಗಾಡಿ ಕೊರೆಯೋಕೆ ಅಂದ. ಒಂದು ಸುಳ್ಳಿಗೆ ಎಷ್ಟು ಚಾಕರಿ ಮಾಡಬೇಕೋ ಅಷ್ಟನ್ನೂ ಮಾಡಿದ.

ಮೊದಮೊದಲು ಪ್ರತಿ ಹಲಗೆಯನ್ನೂ ನೋಡಿಯೇ ಕೀಸುತ್ತಿದ್ದ. ಅಣ್ಣ ಬೆಳಿಗ್ಗೆಯೆಲ್ಲ ಬಗ್ಗಿ, ಕತ್ತು ಓರೆ ಮಾಡಿ, ಕಣ್ಣಂಚಿನಲ್ಲಿ ನೋಡಿ ಎಳೆದ ಗೆರೆ. ನಾಲ್ಕು ತಳ್ಳಿಗೆ ಅದು ಸುರುಳಿ ಸಿಪ್ಪೆಯಾಗಿ ಕೆಳಗೆ ಬೀಳುತ್ತಿತ್ತು. ಆಮೇಲೆ ಆ ಕಡೆ ನೋಡದೆಯೇ ಕೀಸುವುದನ್ನು ಅವನು ರೂಢಿಸಿಕೊಂಡ.

ಸಂಜೆ ಅಣ್ಣನ ಬೆರಳು ಮೂಲೆಯ ಮೇಲೆ ಹರಿಯುವಾಗ ಮಾತ್ರ ತಮ್ಮ ಕೆಲಸ ನಿಲ್ಲಿಸಿ ಅದನ್ನೇ ನೋಡುತ್ತಿದ್ದ. ಕೆಲ ದಿನಗಳಿಂದ ಆ ಬೆರಳು ಮೊದಲಿಗಿಂತ ನಿಧಾನವಾಗಿತ್ತು. ವಯಸ್ಸಾಯಿತು ಎಂದುಕೊಂಡ. ಕೊನೆಗೆ "ಹೂಂ" ಬೀಳುತ್ತಿತ್ತು, ಇವನು ಉಸಿರು ಬಿಡುತ್ತಿದ್ದ.

ಎರಡು ತಿಂಗಳ ಮೇಲೆ ಕಂಪನಿಯವನು ತಾನೇ ಬಂದು, ಮಾಲು ಮೊದಲಿನಂತಾಗಿದೆ ಎಂದು ಹೊಗಳಿ ಹೋದ. ಅಣ್ಣ ಊಟಕ್ಕೆ ಹೋಗಿದ್ದ ಹೊತ್ತು. ಸಂಜೆ ಅವನು ಪೆಟ್ಟಿಗೆಯನ್ನು ತೊಡೆಗೇರಿಸಿ ಕೂತ ಕೂಡಲೇ ತಮ್ಮ ತಡೆಯಲಾರದೆ ಸುದ್ದಿ ಹೇಳಿದ. ಅಣ್ಣನ ಮುಖ ಅರಳುವುದನ್ನು ನೋಡಬೇಕಿತ್ತು ಅವನಿಗೆ, ಅಷ್ಟೇ ಆಸೆ.

"ಎಲ್ಲಾ ನಿನ್ನ ಗೆರೆ ಮಹಿಮೆ ಅಣ್ಣ. ಕೂದಲೆಳೆಯಷ್ಟೂ ತಪ್ಪಿಲ್ಲ."

ಅಣ್ಣ ತೊಡೆಯ ಮೇಲಿನ ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸಿದ.

"ಇದರಲ್ಲಿ ಎಷ್ಟು ಹಲ್ಲಿದೆಯೋ?"

"ಏಳು. ಯಾವಾಗ್ಲೂ ಏಳೇ ಅಲ್ವಾ?"

"ನಾನು ಗೀರಿದ್ದು ಎಷ್ಟು?"

"ಏಳೇ."

"ಆರು" ಎಂದ ಅಣ್ಣ.

ಅಣ್ಣ ಅಂಗಿಯ ಜೇಬಿನಿಂದ ಒಂದು ಗೇಣುದ್ದದ ಮರದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. ಅದರ ಅಂಚಿನಲ್ಲಿ ಉಗುರಿಗೆ ಸಿಗುವಂತೆ ಕಚ್ಚುಗಳಿದ್ದವು.

"ಕಣ್ಣಿನ ಹಂಗೇ ಬೇಡ ಅಂತ ಮನೇಲಿ ಕೂತು ಇದನ್ನ ಮಾಡ್ಕೊಂಡೆ. ಹಲಗೆ ಮೇಲಿಟ್ಟು ಕಚ್ಚಿಗೆ ಚಾಕು ತಾಗಿಸಿ ಗೀರಿದ್ರೆ ಆಯ್ತು, ನನಗೂ ಒಂದು ಜಿಗ್ಗು ಅನ್ಕೋ. ಗೋಣಿ ಕೆಳಗಿರೋದನ್ನ ನಾನು ಯಾವತ್ತೋ ಎಡವಿದೀನಿ, ಹೆದರ್ಬೇಡ. ಏಳು ಕಚ್ಚು ಇಟ್ರೆ ಬೆರಳಿಗೆ ಇಕ್ಕಟ್ಟು, ಆರು ಇಟ್ಟೆ. ಮೂರು ವಾರ ಆಯ್ತು. ನಾನು ಆರು ಗೀರ್ತೀನಿ, ಸಂಜೆ ಏಳು ಎಣಿಸ್ತೀನಿ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ, 'ಅಣ್ಣ, ಗೆರೆ ಮತ್ತೆ ನೆಟ್ಟಗಾಯ್ತು' ಅಂತ ಒಂದು ಮಾತಾದ್ರೂ ಹೇಳ್ತಾನೆ ಅಂತ ಕಾದೆ."

ಅವನ ದನಿಯಲ್ಲಿ ಸಿಟ್ಟಿದ್ದರೆ ತಮ್ಮ ಕಾಲು ಹಿಡಿದುಕೊಂಡಾದರೂ ಬದುಕುತ್ತಿದ್ದ. ಸಿಟ್ಟಿರಲಿಲ್ಲ.

"ಮೋಸ ಮಾಡಿದ್ದಕ್ಕೆ ಬೇಜಾರಿಲ್ಲ ಕಣೋ. ನೋಡೋದನ್ನೇ ಬಿಟ್ಬಿಟ್ಯಲ್ಲ."

ನಾಳೆಯ ಕೆಲಸಕ್ಕೆಂದು ಗೀರಿಟ್ಟಿದ್ದ ಹಲಗೆಗಳು ಮೂಲೆಯಲ್ಲಿ ಒರಗಿದ್ದವು. ತಮ್ಮ ಒಂದನ್ನು ತಂದು ಕಿಟಕಿಯ ಬೆಳಕಿಗೆ ಹಿಡಿದ. ಆರು ಹಲ್ಲು. ಮೂಲೆಮಟ್ಟ ಇಟ್ಟು ನೋಡಿದ, ಅಡ್ಡಗೀರು ಎಳ್ಳಷ್ಟೂ ಆಚೀಚೆಯಾಗಿರಲಿಲ್ಲ. ಇನ್ನೊಂದು ತಂದ, ಅದೂ ಹಾಗೆಯೇ. ಮೂರು ವಾರದ ಇಂಥ ಗೆರೆಗಳನ್ನು ಅವನು ಕಣ್ಣೆತ್ತಿಯೂ ನೋಡದೆ ಕೀಸಿ, ಸಿಪ್ಪೆಯನ್ನು ಒಲೆಗೆ ಕೊಟ್ಟಿದ್ದ.

"ಅಣ್ಣ, ತಪ್ಪಾಯ್ತು. ಇದನ್ನ ನಾನು ಗರಗಸದಲ್ಲೇ ಕೊಯ್ತೀನಿ. ನಾಳೆಯಿಂದ ಎಲ್ಲಾ ಗರಗಸದಲ್ಲೇ."

"ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು" ಎಂದು ಅಣ್ಣ ಎದ್ದ. ಬಾಗಿಲ ಹತ್ತಿರ ತಡವರಿಸಿ ನಿಂತು, "ಬೆಳಿಗ್ಗೆ ನನ್ನನ್ನ ಕರೆಯೋಕೆ ಬರ್ಬೇಡ" ಎಂದ.

ಮಾರನೇ ದಿನ ತಮ್ಮ ಒಬ್ಬನೇ ಕೂತು ಆ ಹಲಗೆಗಳನ್ನು ಕೊಯ್ದ. ಎಷ್ಟೋ ದಿನ ಗರಗಸ ಮುಟ್ಟದ ಕೈ ಮೊದಲು ತೊದಲಿತು, ಆಮೇಲೆ ಗೆರೆ ಸಿಕ್ಕಿತು. ಕೊಡತಿಯಲ್ಲಿ ಮೆಲ್ಲಗೆ ಎರಡು ಪೆಟ್ಟು ಹಾಕಿದ್ದೇ ಮೂಲೆಗಳು ಕಚ್ಚಿಕೊಂಡವು. ಉಳಿ ತಾಗಿಸಿ ಸವರುವ ಅಗತ್ಯವೇ ಬೀಳಲಿಲ್ಲ. ಈಚಿನ ವರ್ಷಗಳಲ್ಲೇ ಅಷ್ಟು ಚೊಕ್ಕಟವಾದ ಪೆಟ್ಟಿಗೆ ಅವನ ಕೈಯಿಂದ ಬಂದಿರಲಿಲ್ಲ. ಅಂಟು ಆರುವುದನ್ನೇ ಕಾದು, ಸಂಜೆ ಎದುರು ಮನೆಗೆ ಓಡಿದ.

ಅಣ್ಣ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದ. ಮಧ್ಯಾಹ್ನದ ತಟ್ಟೆ ಹಾಗೆಯೇ ಮುಚ್ಚಿಟ್ಟಿತ್ತು. ಅತ್ತಿಗೆ ತಮ್ಮನ ಮುಖ ನೋಡದೆ ಒಳಗೆ ಹೋದಳು.

"ಅಣ್ಣ, ನೋಡು. ನಿನ್ನ ಗೆರೆ, ನನ್ನ ಗರಗಸ."

ಅಣ್ಣ ಎದ್ದು ಕೂತು ಪೆಟ್ಟಿಗೆಯನ್ನು ತೊಡೆಯ ಮೇಲೆ ತೆಗೆದುಕೊಂಡ. ಬೆರಳು ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಯಿತು. ತುಟಿ ಅಲುಗಿತು, ಆರರವರೆಗೆ ಎಣಿಸಿದ. ಬುಡದ ಅಡ್ಡಗೀರನ್ನು ಉಗುರಿನಿಂದ ಸವರಿದ.

"ಚೆನ್ನಾಗಿದೆ" ಎಂದ. ಆಮೇಲೆ ಬೇಸರವಿಲ್ಲದ ದನಿಯಲ್ಲಿ ಕೇಳಿದ: "ಮಿಷನ್ನಿನ ಬೆರಳು ಆರಕ್ಕೆ ಹೊಂದಿಸ್ಕೊಂಡ್ಯಾ?"

"ಇಲ್ಲ ಅಣ್ಣ! ನಿನ್ನಾಣೆ, ಗರಗಸದಲ್ಲೇ..."

ಅಂಟು ಕೂತ ಮೂಲೆಯನ್ನು ಬಿಚ್ಚಿ ಗರಗಸದ ಗುರುತು ತೋರಿಸುವಂತಿರಲಿಲ್ಲ. ಅಲುಗಾಡದ ಬೆರಳಿನ ಆ ಮೊದಲ ಜಿಗ್ಗನ್ನು ತಂದಿದ್ದರೆ ಅಣ್ಣ ಈಗ ನಂಬುತ್ತಿದ್ದ. ಇದೋ, ಯಾರ ಕೈಯನ್ನು ಬೇಕಾದರೂ ನಕಲು ಮಾಡುವ ಜಿಗ್ಗು. ಅಳೆದೂ ಸುರಿದೂ ಅದನ್ನೇ ಆರಿಸಿ ತಂದವನು ತಾನೇ.

"ಆಗಲಿ ಬಿಡೋ" ಎಂದು ಅಣ್ಣ ಪೆಟ್ಟಿಗೆಯನ್ನು ಹುಷಾರಾಗಿ ಅವನ ಕೈಗೆ ವಾಪಸು ಕೊಟ್ಟ. "ನನಗೋಸ್ಕರ ಇಷ್ಟೊಂದು ಒದ್ದಾಡ್ಬೇಡ."