ಮೂರು ಕೇಜಿಯ ಕಾನೂನು

"ಆರು ಪಾಯಿಂಟ್ ನಾಕು!" ಎಂದು ಮುಕ್ತಿಯಾರ್ ಕೂಗಿದ ರಭಸಕ್ಕೆ ತೂಕದ ಮಿಷನ್ ಮೇಲೆ ಮಲಗಿದ್ದ ಮಗಳು ಮಹೆಕ್ ಬೆಚ್ಚಿ ಅಳತೊಡಗಿದಳು. "ಅಮ್ಮಾ, ಮೂರು ಕೇಜಿ ಆಗ್ಲಿ ಅಂದಿದ್ರಿ. ಡಬಲ್ ಆಗ್ಯಾಳ ನೋಡ್ರಿ. ತಾಯಿ-ಮಗಳು ಇಬ್ಬರ್ನೂ ಇವತ್ತ ಮಸ್ಕಿಗೆ, ನಮ್ಮ ಮನಿಗೆ ಕರ್ಕೊಂಡು ಹೋಗ್ತೀನಿ."

ಅವನ ಅತ್ತೆ ಮುನ್ನಿಬೀ ಓಡಿ ಬಂದು ಮಿಷನ್ನಿನ ಅಂಕಿ ನೋಡಿದಳು. ದಿನ ತುಂಬದೆ ಹುಟ್ಟಿದ ಮೊಮ್ಮಗಳನ್ನು ತುರ್ವಿಹಾಳದ ಈ ಮನೆಯಲ್ಲಿ ಅಂಗೈಯಲ್ಲಿಟ್ಟು ಸಾಕಿದವಳು ಅವಳು. ಕೂಸು ಗಟ್ಟಿಯಾಗಿದೆ, ಇನ್ನು ಕಳಿಸಬಹುದು ಎಂದು ಸಿಂಧನೂರಿನ ಡಾಕ್ಟರು ಹೇಳಿ ಎಷ್ಟೋ ದಿನವಾಗಿತ್ತು. ಮೂರು ಕೇಜಿಯ ಕಾನೂನು ಮಾತ್ರ ಮುನ್ನಿಬೀಯದೇ. ಕಳಿಸುವ ಮನಸ್ಸಿಲ್ಲದವರಿಗೆ ಕಾನೂನಿಗೇನು ಬರ! ಅವಳ ಮಗಳು, ಮುಕ್ತಿಯಾರನ ಹೆಂಡತಿ ಶಾಹೀಸ್ತಾಗೆ ಅದು ಗೊತ್ತಿದ್ದರೂ ಬಾಯಿ ಬಿಟ್ಟಿರಲಿಲ್ಲ.

"ಮೊನ್ನಿ ಮೂರಕ್ಕ ಕಮ್ಮಿ ಇದ್ದಾಕಿ ಇವತ್ತ ಆರು ಆಗಾಕ ಎಮ್ಮಿ ಕರ ಏನು?" ಎಂದು ಗೊಣಗಿದ ಮುನ್ನಿಬೀ, ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಅಶ್ವಿನಿಯನ್ನು ಕೂಗಿ ಕರೆದಳು.

ಅಶ್ವಿನಿ ಬಗ್ಗಿ ನೋಡಿ ನಕ್ಕಳು. "ಇದು ಕೇಜಿ ಅಲ್ರಿ, ಪೌಂಡು. ತೆಳಗಿನ ಗುಂಡಿ ಯಾರು ಒತ್ತೀರಿ?"

ಮುಂಜಾನೆ ಮಿಷನ್ನಿನ ಬೆನ್ನು, ಹೊಟ್ಟೆ ಎಲ್ಲ ತಿಕ್ಕಿ ಒರೆಸಿದ್ದ ಮುನ್ನಿಬೀ ಬೇರೆ ಕಡೆ ನೋಡಿದಳು.

"ಒಂದು ಕೇಜಿ ಅಂದ್ರ ಎರಡು ಪೌಂಡಿನ ಮ್ಯಾಲ ಸ್ವಲ್ಪ," ಎನ್ನುತ್ತ ಅಶ್ವಿನಿ ಮೊಬೈಲಿನಲ್ಲಿ ಭಾಗಿಸಿದಳು. "ಎರಡು ಕೇಜಿ ಒಂಬೈನೂರು ಗ್ರಾಂ ಅದಾಳ. ಇನ್ನೂ ನೂರು ಗ್ರಾಂ ಕಮ್ಮಿ."

"ಅಲ್ಲಾ ದೊಡ್ಡಾವ!" ಎಂದಳು ಮುನ್ನಿಬೀ. ಮೊಮ್ಮಗಳ ತೂಕ ಕಮ್ಮಿಯಾಯಿತೆಂದು ಹಿಗ್ಗಿದ ಅಜ್ಜಿ ಜಿಲ್ಲೆಗೆಲ್ಲ ಇವಳೊಬ್ಬಳೇ ಇರಬೇಕು.

ಮುಕ್ತಿಯಾರ್ ಕೂಸನ್ನು ಎತ್ತಿ ಶಾಹೀಸ್ತಾಳ ಕೈಗೆ ಕೊಟ್ಟ. ಮಸ್ಕಿಯಲ್ಲಿ ಗಾದಿ ಹೊಲಿಯುವ ಅಂಗಡಿ ಅವನದು. ಚೀಲದಿಂದ ಅರ್ಧ ಹೊರತೆಗೆದಿದ್ದ ಪುಟ್ಟ ಗಾದಿಯೊಂದನ್ನು ಮತ್ತೆ ಒಳಗೆ ತುರುಕಿದ. ಗಿರಾಕಿಗಳ ಗಾದಿಗೆ ಎಂದೂ ಹೂವು ಹಾಕದವನು ಇದರ ಮೂಲೆಗೆ ಹಸಿರು ದಾರದಲ್ಲಿ ಹೂವು ಹೊಲಿದಿದ್ದ. "ಮತ್ತೊಮ್ಮೆ ಬರ್ತೀನ್ರಿ, ಅಮ್ಮಾ," ಎಂದು ಬಾಗಿಲ ಕಡೆ ತಿರುಗಿದ. ಶಾಹೀಸ್ತಾ ಅವನ ಬೆನ್ನನ್ನೇ ನೋಡುತ್ತ ನಿಂತಳು. ಮಗಳ ಆ ಮುಖ ಕಂಡು ಮುನ್ನಿಬೀಗೆ ತನ್ನ ಮೇಲೆ ತನಗೇ ಸಿಟ್ಟು ಬಂತು.

"ನಿಂದ್ರಿ." ಚೀಲ ಕಸಿದುಕೊಂಡು, ಗಾದಿಯನ್ನು ಮಿಷನ್ ಮೇಲೆ ಹಾಸಿ, ಅದರ ಮೇಲೆ ಕೂಸನ್ನು ಮಲಗಿಸಿದಳು. "ಅಶ್ವಿನಿ, ಗುಂಡಿ ಒತ್ತಿ ಕೇಜಿ ಮಾಡವಾ. ಈಗ ಎಷ್ಟೈತಿ ಹೇಳು."

"ಮೂರು ಪಾಯಿಂಟ್ ಮೂರು. ಆದ್ರ ಅಮ್ಮಾರ, ಗಾದಿ ತೂಕಾನೂ ಹಿಡದ್ರ..."

"ಹಿಡೀಬೇಕು ಮತ್ತ! ಕೂಸು ಏನು ಬರೇ ನೆಲದ ಮ್ಯಾಲ ಮಲಗತೈತೇನು?"

ಶಾಹೀಸ್ತಾ ನಗುತ್ತಲೇ ಕಣ್ಣೊರೆಸಿಕೊಂಡು ಬಟ್ಟೆ ಕಟ್ಟಲು ಒಳಗೆ ಓಡಿದಳು.

ಆಟೋ ಬಂದಾಗ ಕೂಸನ್ನು ಎತ್ತಿಕೊಂಡು ಬಾಗಿಲತನಕ ಬಂದವಳು ಮುನ್ನಿಬೀಯೇ. ಮುಕ್ತಿಯಾರ್ ಎರಡೂ ಕೈ ಚಾಚಿದ.

"ಹುಷಾರ್ರಿ," ಎಂದಳು, ಕೂಸನ್ನು ಇನ್ನಷ್ಟು ಎದೆಗೊತ್ತಿಕೊಂಡು. "ಭಾಳ ಭಾರ ಆಗ್ಯಾಳ."

ಅವನು ಹೂಂ ಎಂದು ತಲೆಯಾಡಿಸಿ, ಕೈ ಚಾಚಿಕೊಂಡೇ ಕಾದ.